ಮೊದಲ ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸುವುದು ಹೇಗೆ: ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗಾಗಿ

ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಮುಂಬಯಿಯಲ್ಲಿ ಮೂವರನ್ನು ಕೇಳಿದರೆ ಮೂರು ಬಗೆಯ ಉತ್ತರ ಸಿಗುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ಪಕ್ಕದ ಮನೆಯ ಹುಡುಗ ಸಿ ಎನ್ನುತ್ತಾನೆ. ಐರೋಲಿಯ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದ ಚಿಕ್ಕಪ್ಪ ಜಾವಾ ಬಿಟ್ಟು ಬೇರೆ ಬೇಡ ಎನ್ನುತ್ತಾರೆ. ಠಾಣೆ ಸ್ಟೇಷನ್ನಿನ ಹೊರಗೆ ಕೈಗಿತ್ತ ಕೋಚಿಂಗ್ ಕ್ಲಾಸಿನ ಕರಪತ್ರದಲ್ಲಿ ಪೈಥಾನ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಒಬ್ಬೊಬ್ಬರೂ ತಮಗೆ ಒದಗಿಬಂದ ದಾರಿಯನ್ನು ತೋರಿಸುತ್ತಿದ್ದಾರೆ. ಆದರೆ ಕೇಳುವವರ ಕೈಯಲ್ಲಿ ಏನಿದೆ, ಅವರಿಗೆ ಬೇಕಾದುದೇನು, ನಡುದಾರಿಯಲ್ಲಿ ಸಿಕ್ಕಿಕೊಂಡಾಗ ಅವರ ಹತ್ತಿರ ಯಾರಿದ್ದಾರೆ ಎಂಬುದನ್ನು ವಿಚಾರಿಸದೆ ಕೊಟ್ಟ ಸಲಹೆ ಎಷ್ಟೇ ಒಳ್ಳೆಯದಾದರೂ ಅರ್ಧವೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕಲಿಯುವ ಹೆಚ್ಚಿನವರಿಗೆ ಪೈಥಾನ್ ಸರಿಯಾದ ಆರಂಭ. ಕಾಲೇಜಿನಲ್ಲಿ ಸಿ ಕಲಿಸುತ್ತಿದ್ದರೆ ಸಿ, ವೆಬ್ ಪುಟ ಮಾಡುವ ಆಸೆ ಬಲವಾಗಿದ್ದರೆ ಜಾವಾಸ್ಕ್ರಿಪ್ಟ್, ಹತ್ತು ವರ್ಷದ ಮಗುವಿಗಾದರೆ ಸ್ಕ್ರ್ಯಾಚ್. ಯಾವುದನ್ನು ಆರಿಸಿದರೂ ಸುಮಾರು ಆರು ತಿಂಗಳು ಅದನ್ನು ಬಿಡಬಾರದು. ತಪ್ಪು ಭಾಷೆಯನ್ನು ಆರಿಸಿ ಹಿಂದೆ ಬಿದ್ದವರನ್ನು ನಾನು ಕಂಡಿರುವುದು ಕಡಿಮೆ. ಯಾರೋ ಏನೋ ಹೇಳಿದರೆಂದು ತಿಂಗಳಿಗೊಂದು ಭಾಷೆ ಹಿಡಿದು, ಪ್ರತಿಯೊಂದರಲ್ಲೂ ಮೊದಲ ನಾಲ್ಕು ಪಾಠಗಳನ್ನೇ ಮತ್ತೆ ಮತ್ತೆ ಓದಿ, ಕೊನೆಗೆ ಇದು ನಮ್ಮಂಥವರಿಗಲ್ಲ ಎಂದು ಕೈಬಿಟ್ಟವರನ್ನು ಬಹಳ ಕಂಡಿದ್ದೇನೆ.

ಭಾಷೆ ಯಾವುದಾದರೂ ಆರಂಭದಲ್ಲಿ ಕಲಿಯಬೇಕಾದುದು ಹೆಚ್ಚುಕಡಿಮೆ ಒಂದೇ. ಒಂದು ಬೆಲೆಯನ್ನು ಹೆಸರಿಟ್ಟು ಇರಿಸಿಕೊಳ್ಳುವುದು, ಅಂದರೆ ವೇರಿಯಬಲ್; ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು ಎಂಬ ಷರತ್ತು; ಒಂದೇ ಕೆಲಸವನ್ನು ಹಲವು ಸಲ ಮಾಡಿಸುವ ಲೂಪ್; ಬಹಳಷ್ಟು ಬೆಲೆಗಳನ್ನು ಸಾಲಾಗಿ ಇರಿಸುವ ಪಟ್ಟಿ; ಪದೇ ಪದೇ ಬೇಕಾಗುವ ಹಂತಗಳಿಗೆ ಹೆಸರು ಕೊಟ್ಟು ಕರೆಯುವ ಫಂಕ್ಷನ್. ಈ ಐದು ಕೈಗೆ ಹತ್ತಿದರೆ ಎರಡನೆಯ ಭಾಷೆಗೆ ಮೊದಲನೆಯದರಷ್ಟು ಶ್ರಮ ಬೇಡ. ಹಾಗಾಗಿ ಈ ಐದನ್ನು ಅತಿ ಕಡಿಮೆ ಅಡಚಣೆಯಲ್ಲಿ ಕಲಿಸುವ ಭಾಷೆ ಯಾವುದು ಎಂಬುದನ್ನೇ ಮೊದಲು ನೋಡಬೇಕು.

ಒಂದೇ ಲೆಕ್ಕ, ಮೂರು ಸ್ವಭಾವ

ಭಾಷೆಗಳ ಸ್ವಭಾವ ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ಮನೆಯ ಹಾಲಿಗೆ 40 ರೂಪಾಯಿ, ಮೊಸರಿಗೆ 35 ರೂಪಾಯಿ ಆಗಿದೆ. ಎರಡನ್ನೂ ಕೀಲಿಮಣೆಯಿಂದ ಪಡೆದು ಕೂಡಿಸಿ ತೋರಿಸುವ ಪ್ರೋಗ್ರಾಂ ಬರೆಯಬೇಕು. ಪೈಥಾನಿನಲ್ಲಿ ಹೊಸಬರು ಬರೆದ ಮೊದಲ ಪ್ರೋಗ್ರಾಂ ಸಾಮಾನ್ಯವಾಗಿ 75 ಎನ್ನುವುದಿಲ್ಲ, 4035 ಎನ್ನುತ್ತದೆ. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಪೈಥಾನ್ ಪಠ್ಯವೆಂದೇ ಹಿಡಿಯುತ್ತದೆ. ಎರಡು ಪಠ್ಯಗಳನ್ನು ಕೂಡಿಸು ಎಂದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸುತ್ತದೆ. ಈಗ ಮೊದಲನೆಯದನ್ನು ಮಾತ್ರ ಸಂಖ್ಯೆಯಾಗಿ ಬದಲಿಸಿ ಎರಡನೆಯದನ್ನು ಮರೆತರೆ ಪೈಥಾನ್ ಕೆಲಸವನ್ನೇ ನಿಲ್ಲಿಸಿ ಟೈಪ್ ಎರರ್ ಎಂದು ಹೇಳಿ, ಯಾವ ಸಾಲಿನಲ್ಲಿ ತಪ್ಪಾಯಿತೆಂದೂ ತೋರಿಸುತ್ತದೆ. ಎರಡನ್ನೂ ಬದಲಿಸಿದಾಗ 75 ಬರುತ್ತದೆ. ಈ ಹತ್ತು ನಿಮಿಷದಲ್ಲಿ ಪಠ್ಯ ಬೇರೆ, ಸಂಖ್ಯೆ ಬೇರೆ ಎಂಬ ಪಾಠ ಗಟ್ಟಿಯಾಗಿ ನಿಲ್ಲುತ್ತದೆ.

ಜಾವಾಸ್ಕ್ರಿಪ್ಟ್ ಇದೇ ಜಾಗದಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ. ಪಠ್ಯವಾಗಿರುವ 40ಕ್ಕೆ ಸಂಖ್ಯೆಯಾಗಿರುವ 35ನ್ನು ಕೂಡಿಸಿದರೆ ಅದು ಯಾವ ತಕರಾರೂ ಇಲ್ಲದೆ 4035 ಎನ್ನುತ್ತದೆ. ಅವೇ ಎರಡನ್ನು ಕಳೆದರೆ 5 ಎಂದು ಸರಿಯಾಗಿಯೇ ಹೇಳುತ್ತದೆ. ಅನುಭವಿಗಳಿಗೆ ಇದರ ನಿಯಮ ಗೊತ್ತು, ಆದರೆ ಹೊಸಬರಿಗೆ ಒಂದು ಕಡೆ ಸರಿ ಬಂದು ಇನ್ನೊಂದು ಕಡೆ ತಪ್ಪು ಬರುವುದು ದೊಡ್ಡ ಗೊಂದಲ. ತಪ್ಪಾದಾಗ ತಪ್ಪಾಗಿದೆ ಎಂದು ಬಾಯಿಬಿಟ್ಟು ಹೇಳುವ ಭಾಷೆ ಆರಂಭಕ್ಕೆ ಒಳ್ಳೆಯದು ಎಂಬ ನನ್ನ ನಿಲುವಿಗೆ ಇದೇ ಮುಖ್ಯ ಕಾರಣ.

ಸಿ ಭಾಷೆಯಲ್ಲಿ ಈ ಲೆಕ್ಕವನ್ನು ಮಾಡುವ ಮೊದಲೇ ಹಾಲಿನ ಬೆಲೆ ಪೂರ್ಣಾಂಕವೋ ದಶಮಾಂಶವೋ ಎಂದು ಘೋಷಿಸಬೇಕು, ಸಾಲಿನ ಕೊನೆಗೆ ಅರ್ಧವಿರಾಮ ಹಾಕಬೇಕು, ಕೀಲಿಮಣೆಯಿಂದ ಬೆಲೆ ಪಡೆಯುವಾಗ ವೇರಿಯಬಲ್ಲಿನ ಹೆಸರಿಗೆ ಮೊದಲು & ಎಂಬ ಚಿಹ್ನೆ ಇಟ್ಟು ಮೆಮೊರಿಯಲ್ಲಿ ಅದರ ವಿಳಾಸವನ್ನು ಕೊಡಬೇಕು. ಆ ಚಿಹ್ನೆ ಬಿಟ್ಟುಹೋದರೆ ಪ್ರೋಗ್ರಾಂ ಕುಸಿದು ಬೀಳಬಹುದು, ಅಥವಾ ಅರ್ಥವಿಲ್ಲದ ಯಾವುದೋ ಸಂಖ್ಯೆ ಬರಬಹುದು. ಮುಂದೆ ಹಾಲು ಮೊಸರಿನ ಸರಾಸರಿ ಕೇಳಿದರೆ, ಪೂರ್ಣಾಂಕಗಳಾಗಿ ಘೋಷಿಸಿದ್ದಲ್ಲಿ 75ನ್ನು 2ರಿಂದ ಭಾಗಿಸಿ 37 ಎಂದು ಉತ್ತರಿಸುತ್ತದೆ, ಅರ್ಧ ರೂಪಾಯಿ ಮಾಯ. ಜಾವಾದಲ್ಲಿಯೂ ಹೀಗೆಯೇ. ಪೈಥಾನ್ 3ರಲ್ಲಿ 37.5 ಬರುತ್ತದೆ. ಸಿ ಹೀಗೆ ಮಾಡುವುದು ದೋಷವಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಡೆನಿಸ್ ರಿಚಿ ಅದನ್ನು ರೂಪಿಸಿದ್ದು ಯೂನಿಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಬರೆಯುವುದಕ್ಕೆ, ಯಂತ್ರದ ಮೆಮೊರಿಯನ್ನು ನೇರವಾಗಿ ಮುಟ್ಟುವವರಿಗೆ. ಪೈಥಾನನ್ನು ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದಾಗ ಓದಲು ಸುಲಭವಾಗಿರಬೇಕು ಎಂಬುದು ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. 1995ರಲ್ಲಿ ಬಂದ ಜಾವಾ ಮತ್ತು ಜಾವಾಸ್ಕ್ರಿಪ್ಟ್‌ಗಳಿಗೆ ಹೆಸರಿನ ಸಾಮ್ಯ ಬಿಟ್ಟರೆ ನೆಂಟಸ್ತಿಕೆ ಬಹಳ ಕಡಿಮೆ. ಒಂದನ್ನು ಕಲಿಯಲು ಹೋಗಿ ಇನ್ನೊಂದರ ಪುಸ್ತಕ ತರಬಾರದು.

ಇಂಗ್ಲಿಷಿನ ಭಯ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ವಾಸ್ಕೋದ ಬಾಯ್ನಾದಲ್ಲೋ ಡೊಂಬಿವಲಿಯಲ್ಲೋ ಬೆಳೆದು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಕೊಂಕಣಿ ಅಥವಾ ಹಿಂದಿ ಆಡುವವರು, ಇಂಗ್ಲಿಷ್ ಬಾರದೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂದು ಹಿಂಜರಿಯುವುದುಂಟು. ಇದನ್ನು ಸಂಖ್ಯೆಯಲ್ಲಿ ನೋಡಿದರೆ ಭಯ ಅರ್ಧ ಇಳಿಯುತ್ತದೆ. ಹಳೆಯ ಪ್ರಮಾಣಿತ ಸಿ ಭಾಷೆ ತನಗೆಂದು ಕಾಯ್ದಿರಿಸಿಕೊಂಡ ಪದಗಳು 32, ಪೈಥಾನಿನಲ್ಲಿ ಅಂಥವು 35. ಇವುಗಳ ಜೊತೆಗೆ ಪ್ರಿಂಟ್, ಇನ್‌ಪುಟ್ ಮುಂತಾದ ಇನ್ನಷ್ಟು ಹೆಸರುಗಳು ಸೇರಿಕೊಂಡರೂ ಮೊದಲ ತಿಂಗಳಿಗೆ ಬೇಕಾಗುವ ಪದಗಳು ಒಂದು ಪುಟಕ್ಕೆ ಮೀರುವುದಿಲ್ಲ.

ಉಳಿದ ಹೆಸರುಗಳನ್ನು ಪೈಥಾನ್ 3ರಲ್ಲಿ ಕನ್ನಡದಲ್ಲಿಯೇ ಇಡಬಹುದು. ಈ ಮೂರು ಸಾಲುಗಳು ಇದ್ದಂತೆಯೇ ಕೆಲಸ ಮಾಡುತ್ತವೆ:

ಹಾಲು = 40
ಮೊಸರು = 35
ಒಟ್ಟು = ಹಾಲು + ಮೊಸರು

ಅಂಕಿಗಳನ್ನು ಮಾತ್ರ ಇಲ್ಲಿರುವಂತೆಯೇ ಬರೆಯಬೇಕು, ಪ್ರೋಗ್ರಾಂನ ಒಳಗೆ ನೇರವಾಗಿ ಕನ್ನಡ ಅಂಕಿ ಹಾಕಿದರೆ ಅದು ಒಪ್ಪುವುದಿಲ್ಲ. ಮೊದಲ ಕೆಲವು ವಾರ ಹೀಗೆ ಬರೆಯುವುದರಲ್ಲಿ ಯಾವ ಸಂಕೋಚವೂ ಬೇಡ, ಏಕೆಂದರೆ ಯಾವುದು ಭಾಷೆಯ ಸ್ವಂತ ಪದ, ಯಾವುದು ನಾವು ಇಟ್ಟ ಹೆಸರು ಎಂಬುದು ಕಣ್ಣಿಗೇ ಬೇರೆಬೇರೆಯಾಗಿ ಕಾಣುತ್ತದೆ. ಈ ವ್ಯತ್ಯಾಸ ಹಿಡಿಯಲು ಇಂಗ್ಲಿಷಿನಲ್ಲಿ ಕಲಿಯುವವರು ಎಷ್ಟೋ ದಿನ ತಡಕಾಡುತ್ತಾರೆ. ಮುಂದೆ ಇತರರೊಡನೆ ಕೆಲಸ ಮಾಡುವ ಕಾಲಕ್ಕೆ ಇಂಗ್ಲಿಷ್ ಹೆಸರುಗಳಿಗೆ ಬದಲಾದರಾಯಿತು.

ಕನ್ನಡ ಪಠ್ಯದೊಡನೆ ಕೆಲಸ ಮಾಡುವ ಆಸೆಯಿರುವವರಿಗೆ ಇನ್ನೊಂದು ಮಾತು. ಮುಂಬಯಿ ಎಂಬ ಪದದಲ್ಲಿ ನಮ್ಮ ಲೆಕ್ಕಕ್ಕೆ ಮೂರು ಅಕ್ಷರ. ಪೈಥಾನನ್ನು ಈ ಪದದ ಉದ್ದ ಎಷ್ಟೆಂದು ಕೇಳಿದರೆ 6 ಎನ್ನುತ್ತದೆ, ಏಕೆಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮಕಾರ, ಉಕಾರದ ಚಿಹ್ನೆ, ಸೊನ್ನೆ, ಬಕಾರ, ಯಕಾರ, ಗುಡಿಸು ಎಲ್ಲವೂ ಬೇರೆಬೇರೆ ಸಂಕೇತಗಳು. ಸಿ ಭಾಷೆಯ ಸಾಮಾನ್ಯ ಉದ್ದದ ಫಂಕ್ಷನ್ನನ್ನು ಕೇಳಿದರೆ, ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಬರೆದಿದ್ದಲ್ಲಿ, 18 ಎನ್ನುತ್ತದೆ. ಅದು ಬೈಟುಗಳನ್ನು, ಅಂದರೆ ಮೆಮೊರಿಯ ಚಿಕ್ಕ ಅಳತೆಗಳನ್ನು, ಎಣಿಸುತ್ತದೆ ಮತ್ತು ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು. ಪದಗಳನ್ನು ಎಣಿಸುವುದು, ಸಂಘದ ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಹಳೆಯ ಸಂಚಿಕೆಗಳ ಸೂಚಿ ತಯಾರಿಸುವುದು ಇಂಥ ಕೆಲಸ ಮನಸ್ಸಿನಲ್ಲಿದ್ದರೆ ಪೈಥಾನಿನ ದಾರಿ ಬಹಳ ಹಗುರ.

ಇಂಗ್ಲಿಷ್ ನಿಜವಾಗಿ ಬೇಕಾಗುವುದು ಎರರ್ ಸಂದೇಶಗಳನ್ನು ಓದುವಾಗ. ಪೈಥಾನಿನಲ್ಲಿ ಸಂದೇಶ ಎಷ್ಟೇ ಉದ್ದವಿದ್ದರೂ ಕೊನೆಯ ಸಾಲನ್ನು ಮೊದಲು ಓದಬೇಕು, ತಪ್ಪಿನ ಹೆಸರು ಅಲ್ಲಿರುತ್ತದೆ. ಆಮೇಲೆ ಮೇಲಕ್ಕೆ ಹೋಗಿ ಸಾಲಿನ ಸಂಖ್ಯೆ ನೋಡಬೇಕು. ನೇಮ್ ಎರರ್ ಬಂದರೆ ಹೆಸರಿನ ಕಾಗುಣಿತ ತಪ್ಪಿದೆ ಅಥವಾ ಆ ಹೆಸರಿಗೆ ಇನ್ನೂ ಬೆಲೆ ಕೊಟ್ಟಿಲ್ಲ. ಸಿಂಟ್ಯಾಕ್ಸ್ ಎರರ್ ಬಂದರೆ ಸಾಮಾನ್ಯವಾಗಿ ಆವರಣವೋ ಉದ್ಧರಣ ಚಿಹ್ನೆಯೋ ಬಿಟ್ಟುಹೋಗಿದೆ, ಮತ್ತು ಎಷ್ಟೋ ಸಲ ತಪ್ಪು ಇರುವುದು ತೋರಿಸಿದ ಸಾಲಿನ ಹಿಂದಿನ ಸಾಲಿನಲ್ಲಿ. ಇಂಡೆಂಟೇಷನ್ ಎರರ್ ಎಂದರೆ ಸಾಲಿನ ಆರಂಭದ ಖಾಲಿ ಜಾಗ ಹೊಂದುತ್ತಿಲ್ಲ. ಒಂದು ನೋಟುಪುಸ್ತಕದಲ್ಲಿ ಎಡಗಡೆ ಬಂದ ಸಂದೇಶವನ್ನು, ಬಲಗಡೆ ಅದರ ಕಾರಣ ಮತ್ತು ಪರಿಹಾರವನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಂಡವರು ಬೇಗ ಮುಂದೆ ಬರುತ್ತಾರೆ. ನಾನು ಪಾಠ ಹೇಳುವಾಗ ಬೇರೆ ಯಾವ ಮನೆಗೆಲಸ ಬಿಟ್ಟರೂ ಇದನ್ನು ಬಿಡಿಸುವುದಿಲ್ಲ.

ಪಠ್ಯಕ್ರಮ, ಯಂತ್ರ, ನೆರವು

ವಿದ್ಯಾರ್ಥಿಗಳು ಮೊದಲು ತಮ್ಮ ಪಠ್ಯಕ್ರಮವನ್ನು ತೆರೆದು ನೋಡಬೇಕು. ಸಿಬಿಎಸ್‌ಇ ಶಾಲೆಗಳ 11 ಮತ್ತು 12ನೆಯ ತರಗತಿಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಹಿಂದೆ ಇದ್ದ ಸಿ ಪ್ಲಸ್ ಪ್ಲಸ್ ಜಾಗಕ್ಕೆ ಪೈಥಾನ್ ಬಂದಿದೆ. ಮಹಾರಾಷ್ಟ್ರದ ಡಿಪ್ಲೊಮಾದಲ್ಲಿಯೂ ಮುಂಬಯಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಸಿ ಬಹುಕಾಲದಿಂದ ಆರಂಭದ ಭಾಷೆ. ಪುಣೆ ವಿಶ್ವವಿದ್ಯಾಲಯದ 2019ರ ಪಠ್ಯಕ್ರಮ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಪೈಥಾನನ್ನು ಇಟ್ಟುಕೊಂಡಿತು. ಇವು ಕೆಲವು ವರ್ಷಗಳಿಗೊಮ್ಮೆ ಬದಲಾಗುವುದರಿಂದ ಅಣ್ಣನ ಹಳೆಯ ಪುಸ್ತಕವನ್ನು ನಂಬದೆ ಈ ವರ್ಷದ ಪ್ರತಿಯನ್ನೇ ನೋಡಬೇಕು. ಕಾಲೇಜಿನ ಭಾಷೆ ಸಿ ಆಗಿದ್ದರೆ ಅದನ್ನೇ ಮೊದಲ ಭಾಷೆಯಾಗಿ ಒಪ್ಪಿಕೊಳ್ಳುವುದು ಒಳ್ಳೆಯದು. ಪೈಥಾನ್ ಸುಲಭವೆಂದು ಹೊರಗೆ ಅದನ್ನು, ಪರೀಕ್ಷೆಗೆಂದು ಒಳಗೆ ಸಿಯನ್ನು ಒಟ್ಟಿಗೆ ಕಲಿಯಹೊರಟ ಹೊಸಬರಿಗೆ ಎರಡರ ಬರವಣಿಗೆಯೂ ಕಲಸಿಹೋಗುತ್ತದೆ. ಪುಣೆಯಲ್ಲಿರುವ ಸರಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಆರು ತಿಂಗಳ ಸ್ನಾತಕೋತ್ತರ ಡಿಪ್ಲೊಮಾದ ಮೇಲೆ ಕಣ್ಣಿಟ್ಟಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಸಿ ಬೇಕೇ ಬೇಕು. ಅದರ ಪ್ರವೇಶ ಪರೀಕ್ಷೆಯಲ್ಲಿ ಸಿ ಭಾಷೆಯ ಪ್ರಶ್ನೆಗಳು ಬರುತ್ತವೆ.

ಯಂತ್ರದ ಮಾತು ಇದಕ್ಕಿಂತ ಸರಳ. ಪೈಥಾನ್, ಸಿ, ಜಾವಾಸ್ಕ್ರಿಪ್ಟ್ ಮೂರನ್ನೂ 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಕಲಿಯಬಹುದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ರ‍್ಯಾಮ್‌ಗಿಂತಲೂ ಮೊದಲು ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಲಿ. ಆವರಣ ಚಿಹ್ನೆಯ ಕೀಲಿ ಕೆಟ್ಟಿದ್ದರೆ ಪ್ರೋಗ್ರಾಮಿಂಗ್‌ಗೆ ಅದು ನಿರುಪಯೋಗಿ. ಆ್ಯಂಡ್ರಾಯ್ಡ್ ಆ್ಯಪ್ ಮಾಡುವ ಆಸೆಯಿಂದ ಕಾಟ್ಲಿನ್ ಭಾಷೆಗೆ ಹೋಗುವವರಿಗೆ ಬೇಕಾಗುವ ಆ್ಯಂಡ್ರಾಯ್ಡ್ ಸ್ಟುಡಿಯೊ ಕನಿಷ್ಠ 8 ಜಿಬಿ ಕೇಳುತ್ತದೆ, ಹಾಗಾಗಿ ಆ ಆಸೆಯನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳುವುದು ಜಾಣತನ. ಕೈಯಲ್ಲಿ ಮೊಬೈಲ್ ಮಾತ್ರ ಇರುವವರಿಗೆ, ಹಗಲು ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು ರಾತ್ರಿ ಕಾಲೇಜಿಗೆ ಹೋಗುವವರಿಗೆ, ಪೈಥಾನಿನಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ. ಪೈಡ್ರಾಯ್ಡ್ 3 ಎಂಬ ಆ್ಯಪಿನಲ್ಲಿ ಫೋನಿನಲ್ಲಿಯೇ ಬರೆದು ಓಡಿಸಬಹುದು. ಗೂಗಲ್ ಖಾತೆ ಇದ್ದರೆ ಬ್ರೌಸರಿನಲ್ಲಿ ಕೋಲ್ಯಾಬ್ ತೆರೆದರೂ ಆಗುತ್ತದೆ. ಚಿಕ್ಕ ಪರದೆಯಲ್ಲಿ ಖಾಲಿ ಜಾಗ ಸರಿಹೊಂದಿಸುವುದು ಕಿರಿಕಿರಿಯ ಕೆಲಸವಾದ್ದರಿಂದ ಲೋಕಲ್ ಗಾಡಿಯಲ್ಲಿ ಕುಳಿತಾಗ ಓದಿ, ಪ್ರೋಗ್ರಾಂ ಅನ್ನು ಕಾಗದದ ಮೇಲೆ ಬರೆದುಕೊಂಡು, ಮನೆಗೆ ಬಂದು ನಿಧಾನವಾಗಿ ಟೈಪು ಮಾಡುವುದು ಒಳ್ಳೆಯದು.

ನೆರವಿನ ವಿಷಯವನ್ನು ಜನ ಕಡೆಗಣಿಸುತ್ತಾರೆ, ಆದರೆ ನನ್ನ ಮಟ್ಟಿಗೆ ಅದರ ತೂಕ ಭಾಷೆಯ ಗುಣಕ್ಕಿಂತ ಕಡಿಮೆಯದಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ತಪ್ಪು ತೋರಿಸಬಲ್ಲ ಅಕ್ಕನಿಗೆ ಜಾವಾ ಮಾತ್ರ ಬರುತ್ತದೆ ಎಂದಾದರೆ, ಆ ಮನೆಯಲ್ಲಿ ಜಾವಾದಿಂದ ಆರಂಭಿಸುವುದೇ ಸರಿ. ಅಂಥವರು ಯಾರೂ ಇಲ್ಲದಿದ್ದರೆ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳನ್ನು ನೋಡಬಹುದು. ಸುಮಾರು ಹತ್ತು ಹತ್ತು ನಿಮಿಷದ ಈ ಉಚಿತ ಪಾಠಗಳಲ್ಲಿ ಸಿ, ಸಿ ಪ್ಲಸ್ ಪ್ಲಸ್ ಮುಂತಾದವುಗಳಿಗೆ ಕನ್ನಡದ ಧ್ವನಿಯೂ ಇದೆ. ಪರದೆಯ ಮೇಲೆ ಪಾಠ ಒಂದು ಕಡೆ, ತಾನು ಬರೆಯುವ ಪ್ರೋಗ್ರಾಂ ಇನ್ನೊಂದು ಕಡೆ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡುತ್ತ ಹೋಗುವಂತೆ ಅವು ರಚಿತವಾಗಿವೆ. ಇಂಗ್ಲಿಷ್ ಉಪನ್ಯಾಸ ಅರ್ಥವಾಗುವವರಿಗೆ ಐಐಟಿ ಮುಂತಾದ ಸಂಸ್ಥೆಗಳು ನಡೆಸುವ ಎನ್‌ಪಿಟೆಲ್‌ನ ಪಾಠಗಳೂ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ಕೋಚಿಂಗ್ ಕ್ಲಾಸಿಗೆ ಹಣ ಕಟ್ಟುವ ಮುನ್ನ ಒಂದು ದಿನ ತರಗತಿಯಲ್ಲಿ ಕುಳಿತು ನೋಡಲು ಅವಕಾಶ ಕೇಳಬೇಕು. ಅಲ್ಲಿ ಮಕ್ಕಳು ತಾವೇ ಟೈಪು ಮಾಡುತ್ತಿದ್ದಾರೆಯೇ, ಅಥವಾ ಶಿಕ್ಷಕರು ಬರೆದದ್ದನ್ನು ನಕಲು ಮಾಡಿಕೊಳ್ಳುತ್ತಿದ್ದಾರೆಯೇ ಎಂಬುದೊಂದನ್ನು ಗಮನಿಸಿದರೆ ಸಾಕು. ಮೂರು ತಿಂಗಳಲ್ಲಿ ಐದು ಭಾಷೆ ಮತ್ತು ನೌಕರಿಯ ಖಾತರಿ ಎನ್ನುವ ಕಡೆ ಹಣ ಹಾಕಬಾರದು.

ಬೇರೆ ಬೇರೆ ಗುರಿಗಳು

ಬ್ಯಾಂಕಿನಲ್ಲಿ, ಸಿಎ ಕಚೇರಿಯಲ್ಲಿ, ಸಾರಿಗೆ ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ನಮ್ಮವರು ಮುಂಬಯಿಯಲ್ಲಿ ಬಹಳ. ಅವರು ಎಕ್ಸೆಲ್‌ನ ಸೂತ್ರಗಳನ್ನು ಈಗಾಗಲೇ ಬಲ್ಲವರಾದ್ದರಿಂದ ಷರತ್ತು, ಪಟ್ಟಿ ಎಂಬ ಕಲ್ಪನೆಗಳು ಅವರಿಗೆ ಹೊಸತಲ್ಲ. ಅವರು ಪೈಥಾನ್ ಹಿಡಿದು, ತಿಂಗಳಿಗೊಮ್ಮೆ ಹತ್ತಾರು ಫೈಲುಗಳನ್ನು ತೆರೆದು ಒಂದೇ ಹಾಳೆಗೆ ಇಳಿಸುವ ತಮ್ಮದೇ ಕೆಲಸವನ್ನು ಪ್ರೋಗ್ರಾಂನಿಂದ ಮಾಡಿಸಲು ಹೊರಟರೆ ಕಲಿಕೆ ತಾನಾಗಿ ಸಾಗುತ್ತದೆ. ದೊಡ್ಡ ದತ್ತಾಂಶದಿಂದ ಬೇಕಾದುದನ್ನು ಕೇಳಿ ಪಡೆಯುವ ಎಸ್‌ಕ್ಯುಎಲ್ ಅವರಿಗೆ ಜೊತೆಗೂಡಬಲ್ಲ ಭಾಷೆ, ಆದರೆ ಅದೊಂದರಿಂದಲೇ ಲೂಪು, ಫಂಕ್ಷನ್ನುಗಳ ಅಭ್ಯಾಸ ಆಗುವುದಿಲ್ಲ.

ಗೋವಾದಲ್ಲಿ ಹೋಂಸ್ಟೇ ನಡೆಸುವವರ ಮಗಳು ಅದಕ್ಕೊಂದು ವೆಬ್ ಪುಟ ಮಾಡಬೇಕೆಂದಿದ್ದರೆ ಜಾವಾಸ್ಕ್ರಿಪ್ಟ್ ಸರಿಯಾದ ಆಯ್ಕೆ. ಬ್ರೌಸರೇ ಅದರ ಮನೆಯಾದ್ದರಿಂದ ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಬರೆದದ್ದರ ಫಲ ತಕ್ಷಣ ಕಣ್ಣಿಗೆ ಕಾಣುತ್ತದೆ. ಮೊದಲು ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಎರಡು ಮೂರು ವಾರ ಕಲಿಯಬೇಕು. ಅವು ಪುಟದ ರಚನೆಗೂ ರೂಪಕ್ಕೂ ಸಂಬಂಧಿಸಿದವು, ಅಲ್ಲಿಗೇ ನಿಂತರೆ ಪ್ರೋಗ್ರಾಮಿಂಗ್ ಆರಂಭವಾಗಿಲ್ಲ ಎಂದೇ ಅರ್ಥ. ಹಾಲು ಮೊಸರಿನ ಲೆಕ್ಕದಲ್ಲಿ ಕಂಡ ಗೊಂದಲ ಇಲ್ಲಿ ಎದುರಾಗುತ್ತದೆ, ಬಳಕೆದಾರರು ತುಂಬಿದ್ದನ್ನು ಸಂಖ್ಯೆಯಾಗಿ ಬದಲಿಸಿಕೊಳ್ಳುವ ಎಚ್ಚರ ಮೊದಲ ದಿನದಿಂದ ಇರಲಿ.

ಚಿಕ್ಕ ಮಕ್ಕಳಿಗೆ ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಇದೆ. ಎಂಟರಿಂದ ಹದಿನಾರು ವರ್ಷದವರಿಗೆಂದು ಮಾಡಿದ ಇದರಲ್ಲಿ ಟೈಪು ಮಾಡುವ ಬದಲು ಬಣ್ಣದ ತುಂಡುಗಳನ್ನು ಜೋಡಿಸಿದರಾಯಿತು, ಕಾಗುಣಿತದ ತಪ್ಪಿಗೆ ಎಡೆಯೇ ಇಲ್ಲ. ಮಗು ಹದಿಮೂರು ದಾಟಿ, ಟೈಪು ಮಾಡುವುದು ಸಲೀಸಾದ ಮೇಲೆ ಪೈಥಾನಿಗೆ ಕರೆದೊಯ್ಯಬಹುದು.

ನೌಕರಿಗಾಗಿಯೇ ಕಲಿಯುವವರಿಗೆ ಪುಣೆಯ ಹಿಂಜವಡಿಯ ಕಂಪನಿಗಳಲ್ಲಿ ಜಾವಾ ಬಳಕೆ ಹೆಚ್ಚೆಂಬ ಮಾತು ಕೇಳಿಬರುತ್ತದೆ, ಮತ್ತು ಬ್ಯಾಂಕು, ವಿಮೆಗಳಂಥ ದೊಡ್ಡ ವ್ಯವಸ್ಥೆಗಳಲ್ಲಿ ಜಾವಾ ಬೇರೂರಿರುವುದು ನಿಜವೇ. ಆದರೆ ಒಂದು ಸಾಲು ಮುದ್ರಿಸಲು ಕೂಡ ಸಾಮಾನ್ಯವಾಗಿ ಕ್ಲಾಸು, ಮೆಥಡ್ ಎಂಬ ಚೌಕಟ್ಟನ್ನು ಅರ್ಥವಾಗದೆಯೇ ಬರೆಯಬೇಕಾದ ಭಾಷೆಯಿಂದ ಆರಂಭಿಸುವವರಿಗಿಂತ, ಆರು ತಿಂಗಳು ಪೈಥಾನಿನಲ್ಲಿ ಪಳಗಿ ಜಾವಾಕ್ಕೆ ಹೋಗುವವರು ಆ ಚೌಕಟ್ಟಿನ ಅಗತ್ಯವನ್ನು ಚೆನ್ನಾಗಿ ಅರಿಯುತ್ತಾರೆ. ಗೋ, ರಸ್ಟ್ ಮುಂತಾದವು ಒಳ್ಳೆಯ ಭಾಷೆಗಳೇ, ಅವುಗಳ ಸರದಿ ಆಮೇಲೆ.

ಆರಂಭಿಸುವ ಕ್ರಮ

ಪೈಥಾನನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಅಲ್ಲಿಯ ಇನ್‌ಸ್ಟಾಲರ್ ಬಳಸುವಾಗ ಪಾತ್‌ಗೆ ಸೇರಿಸು ಎಂಬ ಚೌಕಕ್ಕೆ ಗುರುತು ಹಾಕಲು ಮರೆಯಬಾರದು; ಮರೆತರೆ ಆಮೇಲೆ ಆದೇಶಗಳನ್ನು ಟೈಪು ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಬರೆದಾಗ ಅದು ಸಿಗದೆ ಹೋಗಬಹುದು. ಜೊತೆಗೇ ಬರುವ ಐಡಲ್ ಎಂಬ ಸರಳ ಎಡಿಟರ್ ಮೊದಲ ಎರಡು ತಿಂಗಳಿಗೆ ಸಾಕು. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠ ಪೈಥಾನ್ 2ರದ್ದಾಗಿದ್ದರೆ, ಅಂದರೆ ಪ್ರಿಂಟ್ ಪದದ ಮುಂದೆ ಆವರಣವಿಲ್ಲದಿದ್ದರೆ, ಅದನ್ನು ಬಿಡಬೇಕು. ಆ ಆವೃತ್ತಿಯ ಅಧಿಕೃತ ಬೆಂಬಲ 2020ರ ಆರಂಭದಲ್ಲಿಯೇ ನಿಂತಿದೆ. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ದಿನವೂ ಬೇಕು. ಪ್ರೋಗ್ರಾಂ ಬರೆದುಕೊಡುವ ಎಐ ಸಾಧನಗಳನ್ನು ತನ್ನ ಪ್ರಯತ್ನ ಮುಗಿದ ಮೇಲೆ, ಈ ತಪ್ಪು ಏಕೆ ಬಂತು ಎಂದು ಕೇಳಲು ಮಾತ್ರ ಬಳಸಬೇಕು; ಬರೆದುಕೊಡು ಎಂದು ಕೇಳಿದ ದಿನ ಕಲಿಕೆ ನಡೆಯುವುದಿಲ್ಲ.

ಎರಡನೆಯ ಭಾಷೆಗೆ ಯಾವಾಗ ಹೋಗಬಹುದು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಹೀಗಿದೆ. ತಿಂಗಳಿಡೀ ಬರೆದಿಟ್ಟ ಮನೆಯ ಖರ್ಚಿನ ಫೈಲನ್ನು ಓದಿ, ಹಾಲು, ತರಕಾರಿ, ರೈಲಿನ ಪಾಸು, ವಿದ್ಯುತ್ತು ಎಂದು ವಿಂಗಡಿಸಿ ಒಟ್ಟುಗೂಡಿಸಿ, ಫಲವನ್ನು ಇನ್ನೊಂದು ಫೈಲಿಗೆ ಬರೆಯುವ ಪ್ರೋಗ್ರಾಂ ಅನ್ನು ಎಲ್ಲಿಯೂ ನೋಡದೆ ಬರೆಯಬೇಕು. ಫೈಲಿನ ನಡುವೆ ಒಂದು ಖಾಲಿ ಸಾಲು ಬಂದರೂ, ಮೊತ್ತದ ಜಾಗದಲ್ಲಿ ಯಾರೋ ಅಕ್ಷರ ಬರೆದಿದ್ದರೂ ಅದು ಕುಸಿಯಬಾರದು. ಇಷ್ಟನ್ನು ಮಾಡಿದವರು ಅದೇ ಪ್ರೋಗ್ರಾಂ ಅನ್ನು ಜಾವಾದಲ್ಲೋ ಸಿಯಲ್ಲೋ ಮತ್ತೊಮ್ಮೆ ಬರೆಯುವುದರಿಂದಲೇ ಹೊಸ ಭಾಷೆಯನ್ನು ಆರಂಭಿಸಲಿ. ಲೆಕ್ಕದ ತರ್ಕ ಆಗಲೇ ತಿಳಿದಿರುವುದರಿಂದ ಗಮನವೆಲ್ಲ ಹೊಸ ಭಾಷೆಯ ಬರವಣಿಗೆಯ ಮೇಲೆ ನಿಲ್ಲುತ್ತದೆ, ಮತ್ತು ಹಳೆಯ ಪ್ರೋಗ್ರಾಂ ಕೊಡುವ ಮೊತ್ತಕ್ಕೂ ಹೊಸದು ಕೊಡುವ ಮೊತ್ತಕ್ಕೂ ತಾಳೆ ಬಿದ್ದಿತೇ ಇಲ್ಲವೇ ಎಂಬುದರಿಂದ ತಪ್ಪನ್ನು ತಾವೇ ಹಿಡಿಯಬಹುದು.